ಸೈಕಲ್ ತುಳಿಯೋದು ನೀನು, ದುಡ್ಡು ಕೊಡೋದು ನಾವಾ?

(ಇದು ಒಂದು ಸಂಜೆ ಆಡಿದ ಮಾತು. ನಡುವೆ ಮೈಕ್ ಎರಡು ಸಲ ಕೈಕೊಟ್ಟಿತ್ತು. ಹಿಂದಿನ ಸಾಲಿನವರಿಗೆ ಕೇಳಿಸದೆ ಹೋದದ್ದನ್ನೂ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಸೋದರಮಾವನ ಮಾತು ಸ್ವಲ್ಪ ಖಡಕ್. ನಾವು ನಾಲ್ಕು ಜನ ಗೆಳೆಯರು ಒಂದು ಸಂಸ್ಥೆಯ ಸವಾರಿಗೆ ಸೇರಿ ಎರಡು ದಿನ ಸೈಕಲ್ ತುಳಿಯುತ್ತೇವೆ, ಒಟ್ಟು 220 ಕಿಲೋಮೀಟರ್, ಕ್ಯಾನ್ಸರ್ ಬಂದ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸುತ್ತೇವೆ ಅಂತ ಹೇಳಿದೆ. ಅವರು ಪೇಪರ್ ಮಡಚಿ ಪಕ್ಕಕ್ಕಿಟ್ಟರು. "ಅಲ್ಲಯ್ಯಾ, ಸೈಕಲ್ ತುಳಿಯೋದು ನೀನು, ದುಡ್ಡು ಕೊಡೋದು ನಾವಾ? ನೀನು ಬೆವರು ಸುರಿಸಿದರೆ ಯಾವ ಮಗುವಿನ ಕಾಯಿಲೆ ವಾಸಿಯಾಗುತ್ತೆ?" ಅಂದರು.

ನಾನು ತಬ್ಬಿಬ್ಬಾದೆ. ಪ್ರಶ್ನೆ ಸರಿಯಾಗೇ ಇತ್ತು, ಅಲ್ವಾ? ಹಣ ಬೇಕಾದರೆ ನೇರವಾಗಿ ಕೇಳಬಹುದು. ನಡುವೆ ಈ ಸೈಕಲ್ ಯಾಕೆ? ಅವತ್ತು "ಹಾಗಲ್ಲ ಮಾವ" ಅಂತ ಏನೋ ತೊದಲಿ ಎದ್ದು ಬಂದೆ. ಇವತ್ತು ಆ ಪ್ರಶ್ನೆಗೆ ಉತ್ತರ ಹೇಳೋಕೆ ನೋಡುತ್ತೇನೆ. ಅರ್ಧ ಉತ್ತರ ಓದಿನಲ್ಲಿ ಸಿಕ್ಕಿತು. ಉಳಿದರ್ಧ ಎರಡನೇ ದಿನದ ಎದುರುಗಾಳಿಯಲ್ಲಿ ಸಿಕ್ಕಿತು.

ಓದಿದ್ದನ್ನು ಮೊದಲು ಹೇಳಿಬಿಡುತ್ತೇನೆ. 1980ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಬಿಲ್ಲಿ ಸ್ಟಾರ್ ಅನ್ನುವವರು 36 ಜನರನ್ನು ಸೇರಿಸಿಕೊಂಡು ಇಡೀ ರಾಜ್ಯವನ್ನು ಸೈಕಲ್ ಮೇಲೆ ದಾಟಲು ಹೊರಟರು. ಅವರ ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಅವತ್ತು ಕೂಡಿದ್ದು 10,200 ಡಾಲರ್. ಅದೇ ಈಗ ಪ್ಯಾನ್-ಮಾಸ್ ಚಾಲೆಂಜ್ ಎಂಬ ಹೆಸರಿನ ದೊಡ್ಡ ಸವಾರಿ. ಸಾವಿರಾರು ಜನ ತುಳಿಯುತ್ತಾರೆ, ಹಣ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಹೋಗುತ್ತದೆ. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲೀಸ್‌ಗೆ ಏಡ್ಸ್ ರೋಗಿಗಳಿಗಾಗಿ ಇನ್ನೊಂದು ಸವಾರಿ ಶುರುವಾಯಿತು. ಅದು ಏಳು ದಿನದ ದಾರಿ. ಹಣ ಚೆನ್ನಾಗಿಯೇ ಬಂತು. ಆದರೆ ಸವಾರಿ ನಡೆಸೋಕೇ ಖರ್ಚು ಜಾಸ್ತಿ ಆಗುತ್ತಿದೆ ಅಂತ ಗೊಣಗಾಟವೂ ಬಂತು. 2002ರಲ್ಲಿ ಹಣ ಪಡೆಯುತ್ತಿದ್ದ ಸಂಸ್ಥೆಗಳೇ ತಮ್ಮದೇ ಸವಾರಿ ಶುರುಮಾಡಿದವು. ಅದು 2025ರ ತನಕ ನಡೆಯಿತು.

ಈ ಖರ್ಚಿನ ವಿಷಯ ಯಾಕೆ ಹೇಳಿದೆ ಅಂದರೆ, ನಿಮ್ಮ ಹತ್ತಿರ ಯಾರಾದರೂ ಸೈಕಲ್ ಹೆಸರಲ್ಲಿ ಹಣ ಕೇಳಿದರೆ ನೀವು ಮೊದಲು ಕೇಳಬೇಕಾದ್ದು ಅದನ್ನೇ. ನಾನು ಕೊಡುವ ನೂರರಲ್ಲಿ ರೋಗಿಗೆ ಎಷ್ಟು, ರಸ್ತೆ ಬದಿಯ ಶಾಮಿಯಾನಕ್ಕೆ ಎಷ್ಟು? ಪ್ಯಾನ್-ಮಾಸ್‌ನವರು 2007ರಿಂದ ಸವಾರರು ಕೂಡಿಸಿದ ಹಣವನ್ನೆಲ್ಲ ಸಂಸ್ಥೆಗೇ ಕೊಡುತ್ತಾರೆ. ನಡೆಸುವ ಖರ್ಚಿಗೆ ಪ್ರಾಯೋಜಕರ ಹಣ, ಪ್ರವೇಶ ಶುಲ್ಕ ಬೇರೆ ಇದೆ. ಎಲ್ಲರಿಗೂ ಹಾಗೆ ಮಾಡೋಕೆ ಆಗುವುದಿಲ್ಲ. ಆದರೆ ಕೇಳಿದರೆ ಲೆಕ್ಕ ಹೇಳೋಕಂತೂ ಆಗಬೇಕು. ಕೇಳಿದ್ದಕ್ಕೆ ಮುಖ ಸಿಂಡರಿಸುವವರಿಗೆ ಕೊಡಬೇಡಿ.

ಮಾವನ ಪ್ರಶ್ನೆಗೆ ಸಂಶೋಧಕರ ಉತ್ತರವೂ ಒಂದಿದೆ. ಓಲಿವೋಲಾ ಮತ್ತು ಶಫೀರ್ ಎಂಬ ಇಬ್ಬರು 2013ರಲ್ಲಿ ಇದರ ಬಗ್ಗೆ ಬರೆದರು. ಆರಾಮಾಗಿ ಕೂತು ಉಂಡು ಬರುವ ಪಿಕ್‌ನಿಕ್ ಒಂದು, ಬೆವರು ಹರಿಸಿ ಓಡುವ ಓಟ ಇನ್ನೊಂದು. ಎರಡೂ ಒಂದೇ ಒಳ್ಳೆಯ ಕೆಲಸಕ್ಕೆ. ಜನ ಜಾಸ್ತಿ ಕೊಡೋಕೆ ಒಪ್ಪಿದ್ದು ಓಟಕ್ಕೆ! ಕಷ್ಟಪಟ್ಟು ಕೊಟ್ಟದ್ದಕ್ಕೆ ಮನಸ್ಸು ಹೆಚ್ಚು ಅರ್ಥ ಕಟ್ಟುತ್ತದಂತೆ. ಅದರಲ್ಲೂ ನೋವಿಗೆ, ಸಂಕಟಕ್ಕೆ ಸಂಬಂಧಪಟ್ಟ ಕೆಲಸವಾದರೆ ಇನ್ನೂ ಜಾಸ್ತಿ. ಯೋಚಿಸಿದರೆ ಇದು ಹೊಸದೇನಲ್ಲ. ಬೆಟ್ಟದ ತುದಿಯ ತನಕ ಬಸ್ಸು ಹೋದರೂ ಬರಿಗಾಲಲ್ಲಿ ಹತ್ತುವವರನ್ನು ನಾವೆಲ್ಲ ನೋಡಿದ್ದೇವೆ.

ಇದು ನನಗೆ ಅರ್ಧ ಮಾತ್ರ ಒಪ್ಪಿಗೆಯಾಯಿತು. ನಾನು ಕಷ್ಟಪಡುವುದನ್ನು ನೋಡಿ ಜನ ಹಣ ಕೊಡುತ್ತಾರೆ ಅನ್ನುವುದರಲ್ಲಿ ಏನೋ ಸ್ವಲ್ಪ ನಾಟಕ ಇದೆ ಅಂತ ಅನಿಸಿತು. ಅದು ಇರಲಿ.

ಇನ್ನು ನಾವು ನಾಲ್ವರು. ಹೆಸರು ಹೇಳಿದರೆ ಜಗಳ ಮಾಡುತ್ತೇವೆ ಅಂದಿದ್ದಾರೆ. ಒಬ್ಬ ಬ್ಯಾಂಕಿನವನು, ಒಬ್ಬರು ಮೇಷ್ಟ್ರು, ಒಬ್ಬಳು ನರ್ಸ್, ಮತ್ತೆ ನಾನು. ಮೇಷ್ಟ್ರು ನಮಗಿಂತ ಹದಿನೈದು ವರ್ಷ ದೊಡ್ಡವರು. ಎಲ್ಲರಿಗಿಂತ ಗಟ್ಟಿ ಅವರೇ. ಎಲ್ಲರಿಗಿಂತ ನಿಧಾನ ಯಾರು ಅಂತ ನೀವು ಆಗಲೇ ಊಹಿಸಿರುತ್ತೀರಿ.

ಹಣ ಕೇಳುವ ಕೆಲಸ ಪೆಡಲು ತುಳಿಯುವುದಕ್ಕಿಂತ ಕಷ್ಟ. ನಾನು ಮಾಡಿದ ಮೊದಲ ತಪ್ಪು, ಇನ್ನೂರು ಜನಕ್ಕೆ ಒಂದೇ ಮೆಸೇಜ್ ಕಳಿಸಿದ್ದು. ಹೆಬ್ಬೆರಳಿನ ಚಿತ್ರಗಳು ರಾಶಿ ಬಂದವು. ಹಣ ಕೊಟ್ಟವರು ಮೂವರು. ನರ್ಸ್ ಗೆಳತಿ ನೋಡಿ ನಕ್ಕಳು. "ಎಲ್ಲರನ್ನೂ ಕೇಳಿದರೆ ಯಾರನ್ನೂ ಕೇಳಿದ ಹಾಗಲ್ಲ ಕಣೋ. ಒಬ್ಬೊಬ್ಬರಿಗೇ ಫೋನ್ ಮಾಡು" ಅಂದಳು. ಮಾಡಿದೆ. ಮೊದಲ ಹತ್ತು ಫೋನಿಗೆ ಕೈ ಬೆವರುತ್ತಿತ್ತು. ಕೊಡುವುದಾದರೆ ನನಗೆ ಯಾವತ್ತೂ ಸಂಕೋಚವಿಲ್ಲ. ಕೇಳುವುದು ಮಾತ್ರ ನಾಲಿಗೆಗೆ ಬರುವುದೇ ಇಲ್ಲ. ಸಾಲ ಕೇಳಿದ ಹಾಗೆ, ಕೈಚಾಚಿದ ಹಾಗೆ. ಬ್ಯಾಂಕಿನವನು ಒಂದು ಹಾಳೆಯಲ್ಲಿ ಎಲ್ಲರ ಲೆಕ್ಕ ಬರೆಯುತ್ತಿದ್ದ. ಹಣ ಯಾವತ್ತೂ ನಮ್ಮ ಕೈಗೆ ಬರಬಾರದು, ನೇರ ಸಂಸ್ಥೆಯ ಖಾತೆಗೇ ಹೋಗಬೇಕು ಅಂತ ಅವನ ಹಟ. ಅದು ಒಳ್ಳೆಯದಾಯಿತು. ಕೇಳುವಾಗ ಅರ್ಧ ಸಂಕೋಚ ಅಲ್ಲೇ ಹೋಯಿತು.

ಈಗ ತಯಾರಿ. ಜಾಸ್ತಿ ಎಳೆಯುವುದಿಲ್ಲ. ಹನ್ನೆರಡು ವಾರ ಅಭ್ಯಾಸ ಮಾಡಿದೆವು. ವಾರಕ್ಕೆ ಸ್ವಲ್ಪ ಸ್ವಲ್ಪವೇ ದೂರ ಏರಿಸಿದೆವು. ಸೀಟಿನ ಎತ್ತರ ನೋಡೋಕೆ ಒಂದು ಸುಲಭ ಉಪಾಯ ಇದೆ. ಸೀಟಿನ ಮೇಲೆ ಕೂತು, ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಮುಂಗಾಲು ಇಟ್ಟು ತುಳಿದಾಗ ಮಂಡಿ ಕೊಂಚ ಬಾಗಿರುತ್ತದೆ. ಸೀಟು ತಗ್ಗಿದ್ದರೆ ಮಂಡಿ ಮುಂಭಾಗ ನೋಯುತ್ತದೆ. ಇನ್ನೊಂದು, ಮೆತ್ತೆ ಇರುವ ಸೈಕಲ್ ಚಡ್ಡಿ ಹಾಕಿದರೆ ಒಳಗೆ ಬೇರೆ ಚಡ್ಡಿ ಹಾಕಬಾರದು. ಹೊಲಿಗೆ ಉಜ್ಜಿ ಗಾಯವಾಗುತ್ತದೆ. ಸಭೆಯಲ್ಲಿ ಹೇಳುವ ಮಾತಲ್ಲ, ಗೊತ್ತು. ಆದರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ತಯಾರಿಯಲ್ಲಿ ನಾವು ಬಿಟ್ಟದ್ದು ಒಂದೇ. ಬೆನ್ನುಬೆನ್ನಿಗೆ ಎರಡು ದಿನ ತುಳಿದು ನೋಡಲಿಲ್ಲ. ಭಾನುವಾರ ತುಳಿಯುವುದು, ಸೋಮವಾರ ಕುರ್ಚಿಯಲ್ಲಿ ಕೂತು ನರಳುವುದು, ಇಷ್ಟೇ ಆಗಿತ್ತು. ದಣಿದ ಕಾಲಿನ ಮೇಲೆ ಮತ್ತೆ ಸೈಕಲ್ ಹತ್ತಿದರೆ ಹೇಗಿರುತ್ತದೆ ಅಂತ ನಮಗೆ ಗೊತ್ತೇ ಇರಲಿಲ್ಲ.

ಮೊದಲ ದಿನ 120 ಕಿಲೋಮೀಟರ್. ಬೆಳಗಿನ ಜಾವ ಕೆಲವು ನೂರು ಸೈಕಲ್‌ಗಳು ಒಟ್ಟಿಗೆ ಹೊರಟಾಗ ಬರುವ ಸದ್ದು ಚೆನ್ನ. ಚೈನುಗಳ ಸರಸರ, ಬ್ರೇಕಿನ ಕಿರುಗುಟ್ಟುವಿಕೆ, ಯಾರೋ ಮುಂದಿನಿಂದ "ಗುಂಡಿ!" ಅಂತ ಕೂಗುವುದು, ಆ ಕೂಗು ಬಾಯಿಂದ ಬಾಯಿಗೆ ಹಿಂದಕ್ಕೆ ಬರುವುದು. ಎಲ್ಲರೂ ಹುಮ್ಮಸ್ಸಿನಲ್ಲಿ ಜೋರಾಗಿ ಹೊರಟರು. ನಾವೂ ಹೊರಟೆವು. ಮೇಷ್ಟ್ರು ಮಾತ್ರ ಹಿಂದಿನಿಂದ "ನಿಧಾನ, ನಿಧಾನ" ಅನ್ನುತ್ತಲೇ ಇದ್ದರು.

30ನೇ ಕಿಲೋಮೀಟರಿನಲ್ಲಿ ನನ್ನ ಹಿಂದಿನ ಟೈರು ಪಂಕ್ಚರ್. ಗಾಬರಿಯಿಲ್ಲ, ಚೀಲದಲ್ಲಿ ಎರಡು ಹೊಸ ಟ್ಯೂಬು ಇದ್ದವು. ಟೈರು ಬಿಚ್ಚಿ, ಒಳಗೆ ಬೆರಳಾಡಿಸಿ ಮುಳ್ಳು ತೆಗೆದೆವು. ಇದನ್ನು ಮರೆಯಬೇಡಿ, ಮುಳ್ಳು ಒಳಗೇ ಉಳಿದರೆ ಹೊಸ ಟ್ಯೂಬೂ ಹೋಗುತ್ತದೆ. ಹೊಸ ಟ್ಯೂಬಿನ ವಾಲ್ವು ರಿಮ್ಮಿನ ತೂತಿಗೆ ಹಾಕಲು ಹೋದರೆ ಹಿಡಿಯಲೇ ಇಲ್ಲ. ವಾಲ್ವಿನಲ್ಲಿ ಬೇರೆ ಬೇರೆ ಜಾತಿ ಇವೆ. ಕಾರಿನ ಚಕ್ರದಲ್ಲಿ ಇರುವಂಥ ದಪ್ಪ ವಾಲ್ವು ಶ್ರೇಡರ್. ರೇಸ್ ಸೈಕಲ್‌ಗಳಿಗೆ ಬರುವ ಸಣಕಲು ವಾಲ್ವು ಪ್ರೆಸ್ಟಾ. ಒಂದು 8 ಮಿಲಿಮೀಟರ್, ಇನ್ನೊಂದು 6. ನನ್ನ ರಿಮ್ಮಿಗೆ ಸಣ್ಣ ತೂತು. ನಾನು ತಂದದ್ದು ಎರಡೂ ದಪ್ಪ ವಾಲ್ವಿನವು. ಟೈರಿನ ಅಳತೆ ನೋಡಿ ಕೊಂಡಿದ್ದೆ, ವಾಲ್ವು ನೋಡಿರಲಿಲ್ಲ. ಬ್ಯಾಂಕಿನವನು ತನ್ನ ಹತ್ತಿರ ಇದ್ದ ಒಂದೇ ಒಂದು ಟ್ಯೂಬನ್ನು ಮಾತಿಲ್ಲದೆ ಕೈಗಿಟ್ಟ. "ನಿನ್ನದು ಪಂಕ್ಚರ್ ಆದರೆ?" ಅಂದೆ. "ಆಗ ನೋಡೋಣ, ಮೊದಲು ಹಾಕು" ಅಂದ. ಅಲ್ಲಿಂದ ಮುಂದೆ ದಾರಿಯಲ್ಲಿ ಪ್ರತಿ ಗಾಜಿನ ಚೂರು ಕಂಡಾಗಲೂ ನಾನು ನೋಡುತ್ತಿದ್ದದ್ದು ಅವನ ಚಕ್ರವನ್ನು.

ಅದೇ ಬ್ಯಾಂಕಿನವನು 90ನೇ ಕಿಲೋಮೀಟರಿನಲ್ಲಿ ಎಲ್ಲರ ಮೇಲೂ ಸಿಡುಕೋಕೆ ಶುರುಮಾಡಿದ. ರಸ್ತೆ ಸರಿಯಿಲ್ಲ, ನಕ್ಷೆ ಸರಿಯಿಲ್ಲ, ಮೇಷ್ಟ್ರ ಗಂಟೆ ಸದ್ದು ಸರಿಯಿಲ್ಲ. ನರ್ಸ್ ಗೆಳತಿ ಸೈಕಲ್ ನಿಲ್ಲಿಸಿ, "ಕೊನೇ ಸಲ ಏನಾದರೂ ತಿಂದದ್ದು ಯಾವಾಗ?" ಅಂತ ಕೇಳಿದಳು. ತಿಂದು ಎರಡು ಗಂಟೆಯಾಗಿತ್ತು! ನಮ್ಮ ಮೈಯಲ್ಲಿ, ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ, ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 400ರಿಂದ 500 ಗ್ರಾಂ ಅಷ್ಟೇ. ಅದು ಹತ್ತಿರ ಹತ್ತಿರ 2,000 ಕ್ಯಾಲೊರಿ. ಗಂಟೆಗಟ್ಟಲೆ ತುಳಿದರೆ ಅದು ಬರಿದಾಗುತ್ತದೆ. ಆಗ ಕಾಲು ಸೀಸದ ಹಾಗೆ ಭಾರ, ತಲೆ ಮಂಕು, ಸಿಟ್ಟು. ಅದಕ್ಕೇ ಹಸಿವಾಗುವ ಮುಂಚೆ ತಿನ್ನಬೇಕು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಸಕ್ಕರೆ, ಪಿಷ್ಟ, ಹೊಟ್ಟೆಗೆ ಹೋಗುತ್ತಿರಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ ಅಂತ ಲೆಕ್ಕ ಹಾಕಿಕೊಳ್ಳಿ. ಅವನಿಗೆ ಎರಡು ತಿನ್ನಿಸಿದೆವು. ಕಾಲು ಗಂಟೆಯಲ್ಲಿ ಮತ್ತೆ ಮನುಷ್ಯನಾದ.

ನಾನು ಮಾಡುತ್ತಿದ್ದದ್ದು ಇನ್ನೊಂದು ತಪ್ಪು. ಬಿಸಿಲಿಗೆ ಹೆದರಿ, ಸಿಕ್ಕಿದ ಕಡೆಯೆಲ್ಲ ನೀರು ಕುಡಿಯುತ್ತಿದ್ದೆ. ಬಾಯಾರಿಕೆ ಇಲ್ಲದಿದ್ದರೂ. ಮಧ್ಯಾಹ್ನ ತಲೆನೋವು ಬಂತು, ಹೊಟ್ಟೆ ತೊಳಸಿತು. ಇನ್ನೊಂದು ಬಾಟಲಿ ಎತ್ತಿದೆ. ಅವಳು ಕಿತ್ತುಕೊಂಡಳು. "ಸಾಕು ಕಣೋ ನೀರು!" ಬೆವರಲ್ಲಿ ಉಪ್ಪು ಹೋಗುತ್ತಿರುತ್ತದೆ. ಮೇಲೆ ಬರೀ ನೀರು ಸುರಿದರೆ ರಕ್ತದಲ್ಲಿ ಉಳಿದ ಸೋಡಿಯಂ ಕೂಡ ತೆಳುವಾಗುತ್ತದೆ. ಅತಿಯಾದರೆ ಮಿದುಳು ಊದಿಕೊಂಡು ಜೀವಕ್ಕೇ ಅಪಾಯ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದರೆ ನೂರಕ್ಕೆ 13 ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ಓಡುತ್ತಾ ತೂಕ ಹೆಚ್ಚಿಸಿಕೊಂಡವರಲ್ಲೇ ಇದು ಜಾಸ್ತಿ. ಅಂದರೆ ಬೆವರಿದ್ದಕ್ಕಿಂತ ಜಾಸ್ತಿ ಕುಡಿದವರು. ಬಾಯಾರಿದಷ್ಟು ಕುಡಿಯಿರಿ, ಜೊತೆಗೆ ಉಪ್ಪಿನಂಶ ಇರಲಿ.

ಮೊದಲ ದಿನ ಏರುಗಳಿದ್ದವು. ಏರಿನಲ್ಲಿ ಗುಂಪು ತಾನಾಗೇ ಚದುರುತ್ತದೆ. ವೇಗ ಕಡಿಮೆ, ಗಾಳಿಯ ತಡೆ ಲೆಕ್ಕಕ್ಕಿಲ್ಲ, ಅವರವರ ಭಾರ ಅವರವರೇ ಎಳೆಯಬೇಕು. ಮೂವರೂ ಮೇಲೆ ಹೋಗಿ ನನಗಾಗಿ ಕಾಯುತ್ತಿದ್ದರು. ನಾನು ಏದುಸಿರು ಬಿಡುತ್ತಾ ತಲುಪುವುದೇ ತಡ, "ಬಂದೆಯಾ? ಸರಿ, ಹೊರಡೋಣ" ಅನ್ನುತ್ತಿದ್ದರು. ಅವರಿಗೆ ಹತ್ತು ನಿಮಿಷ ವಿಶ್ರಾಂತಿ, ನನಗೆ ಸೊನ್ನೆ. ಗುಂಪಿನಲ್ಲಿ ಹಿಂದುಳಿದವನ ಪಾಡು ಯಾವಾಗಲೂ ಇದೇ. ಹೆಚ್ಚು ದಣಿದವನಿಗೇ ಕಡಿಮೆ ವಿಶ್ರಾಂತಿ. ಮೂರನೇ ಏರಿನಲ್ಲಿ ಮೇಷ್ಟ್ರಿಗೆ ಇದು ಹೊಳೆಯಿತು. ಕೊನೆಯವನು ಬಂದ ಮೇಲೆಯೇ ವಿಶ್ರಾಂತಿಯ ಗಡಿಯಾರ ಶುರು ಅಂತ ನಿಯಮ ಮಾಡಿದರು. ನನಗೆ ಸಮಾಧಾನ ಆಗುವ ಬದಲು ನಾಚಿಕೆಯಾಯಿತು. ಇವರ ಸವಾರಿಯನ್ನು ನಾನು ಹಾಳು ಮಾಡುತ್ತಿದ್ದೇನೆ ಅನ್ನಿಸಿತು. "ನೀವು ಹೋಗಿ, ನಾನು ಬರ್ತೀನಿ" ಅಂತ ಎಷ್ಟು ಸಲ ಹೇಳಿದೆನೋ.

ಎರಡನೇ ದಿನ 100 ಕಿಲೋಮೀಟರ್. ರಸ್ತೆ ಮಟ್ಟಸ. ಸುಲಭ ಅಂದುಕೊಂಡಿದ್ದೆವು. ಬೆಳಿಗ್ಗೆ ಸೀಟಿನ ಮೇಲೆ ಕೂತಾಗಲೇ ಗೊತ್ತಾಯಿತು, ಸುಲಭ ಅಲ್ಲ ಅಂತ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದಿದ್ದವು. ಹ್ಯಾಂಡಲ್ ಮೇಲೆ ಅಂಗೈ ಒತ್ತಿ ಒತ್ತಿ ಅಲ್ಲಿಯ ನರ ಸೋತಿರುತ್ತದೆ. ಕೈ ಇಡುವ ಜಾಗ ಆಗಾಗ ಬದಲಾಯಿಸುತ್ತಿರಬೇಕಂತೆ. ಹತ್ತು ಗಂಟೆಗೆ ಎದುರುಗಾಳಿ ಶುರುವಾಯಿತು.

ಗಾಳಿಯ ಲೆಕ್ಕ ಕ್ರೂರ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಅದನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ಎಂಟು ಪಟ್ಟು. ಮಟ್ಟಸ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವವರ ದುಡಿಮೆಯಲ್ಲಿ ಬಹುಪಾಲು ಗಾಳಿ ತಳ್ಳೋಕೇ ಖರ್ಚು. ಎದುರುಗಾಳಿ ಇದ್ದರೆ ನಿಧಾನ ಹೋದರೂ ಅದೇ ಕಥೆ. ಆದರೆ ಒಬ್ಬರ ಬೆನ್ನ ಹಿಂದೆಯೇ ತುಳಿದರೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಚಕ್ರದಿಂದ ಚಕ್ರಕ್ಕೆ ಅರ್ಧದಿಂದ ಒಂದು ಮೀಟರ್ ಅಂತರ ಸಾಕು. ಪಕ್ಕಕ್ಕೆ ಸರಿದು ಅವರ ಹಿಂದಿನ ಚಕ್ರದ ಪಕ್ಕಕ್ಕೆ ನಮ್ಮ ಮುಂದಿನ ಚಕ್ರ ಬರುವ ಹಾಗೆ ಮಾತ್ರ ಹೋಗಬಾರದು, ತಗುಲಿದರೆ ಬೀಳುವುದು ಹಿಂದಿನವನೇ. ಮುಂದಿನವರು ಸರದಿಯ ಮೇಲೆ ಬದಲಾಗುತ್ತಿರಬೇಕು.

ಮೂವರೂ ಸರದಿ ಹಾಕಿಕೊಂಡರು. ನನ್ನನ್ನು ಸರದಿಯಿಂದ ಬಿಟ್ಟರು. "ನೀನು ಸುಮ್ನೆ ಹಿಂದೆ ಬಾ" ಅಂದರು. ಒಂದು ಗಂಟೆ ಬಂದೆ. ಮುಂದೆ ಮೂರು ಬೆನ್ನು, ಬೆವರಿಗೆ ಅಂಟಿದ ಅಂಗಿ. ಗಾಳಿ ಅವರಿಗೆ ಬಡಿಯುತ್ತಿತ್ತು, ನನಗೆ ಸದ್ದು ಮಾತ್ರ ಕೇಳುತ್ತಿತ್ತು. ತಡೆಯಲಾಗದೆ, "ನಾನೂ ಮುಂದೆ ಬರ್ತೀನಿ" ಅಂತ ಹೊರಟೆ. ಎರಡು ನಿಮಿಷ. ಅಷ್ಟರಲ್ಲಿ ಉಸಿರು ಕಟ್ಟಿತು, ಎಲ್ಲರ ವೇಗ ಇಳಿಯಿತು. ಮೇಷ್ಟ್ರು ಪಕ್ಕಕ್ಕೆ ಬಂದು ಹೇಳಿದರು: "ನೀನು ಮುಂದೆ ಬಂದರೆ ನಮ್ಮೆಲ್ಲರಿಗೂ ನಷ್ಟ ಕಣಯ್ಯ. ನಿನಗೆ ತಗೊಳ್ಳೋಕೆ ಬರಲ್ಲ, ಅದೇ ನಿನ್ನ ರೋಗ."

ಆ ಮಾತು ನನಗೆ ಚುಚ್ಚಿತು. ಫೋನ್ ಹಿಡಿದು ಕೈ ಬೆವರಿದ್ದು ನೆನಪಾಯಿತು. ಏರಿನ ಮೇಲೆ "ನೀವು ಹೋಗಿ" ಅಂದದ್ದು ನೆನಪಾಯಿತು. ಎಲ್ಲದರ ಬೇರು ಒಂದೇ. ಇದನ್ನೇ ನಾನು ವಿನಯ ಅಂದುಕೊಂಡಿದ್ದೆ.

ಮನೆಗೆ ಬಂದ ಮೇಲೆ ಓದಿದ್ದು ಇನ್ನೊಂದು. ಬರ್ಟ್ ಬ್ಲಾಕನ್ ಎಂಬ ಗಾಳಿಯ ಹರಿವಿನ ಸಂಶೋಧಕರು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಹಿಂದೆ ಒಬ್ಬ ಅಂಟಿಕೊಂಡು ಬರುತ್ತಿದ್ದರೆ ಮುಂದಿನವನಿಗೂ ಗಾಳಿಯ ತಡೆ ನೂರಕ್ಕೆ ಎರಡು, ಎರಡೂವರೆಯಷ್ಟು ಕಡಿಮೆಯಾಗಬಹುದು. ಸೈಕಲ್ ಹೋದ ಮೇಲೆ ಹಿಂದೆ ಒತ್ತಡ ಕಡಿಮೆಯಾದ ಒಂದು ಜಾಗ ಉಂಟಾಗುತ್ತದೆ, ಅದು ಮುಂದಿನವನನ್ನು ಹಿಂದಕ್ಕೆ ಎಳೆಯುತ್ತದೆ. ಹಿಂದಿನವನ ಮೈ ಆ ಎಳೆತವನ್ನು ತಗ್ಗಿಸುತ್ತದೆ. ಎರಡೂವರೆ ಅಂದರೆ ಏನೂ ಅಲ್ಲ, ಒಪ್ಪುತ್ತೇನೆ. ಆದರೂ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. "ಓಹೋ, ಹಾಗಾದ್ರೆ ನೀನೇ ನಮ್ಮನ್ನ ತಳ್ಳಿದ್ದು!" ಅಂತ ನಕ್ಕರು.

ಕೊನೆಯ 30 ಕಿಲೋಮೀಟರ್ ಪೂರ್ತಿ ನಮ್ಮ ಹಿಂದೆ ಒಂದು ವ್ಯಾನು ಬರುತ್ತಿತ್ತು. ಸೋತವರನ್ನು ಹತ್ತಿಸಿಕೊಳ್ಳುವ ವ್ಯಾನು. ಟೂರ್ ದ ಫ್ರಾನ್ಸ್ ಎಂಬ ದೊಡ್ಡ ಸೈಕಲ್ ರೇಸಿನಲ್ಲಿ ಇದನ್ನು 1910ರಲ್ಲಿ ಮೊದಲು ತಂದರು. ಪಿರನೀಸ್ ಪರ್ವತ ದಾರಿಗೆ ಸೇರಿದ ವರ್ಷ ಅದು. ಫ್ರೆಂಚಿನಲ್ಲಿ ಅದರ ಹೆಸರು ಪೊರಕೆ ಗಾಡಿ. ನಿಜವಾಗಿಯೂ ಪೊರಕೆ ಕಟ್ಟಿಕೊಂಡು ಓಡಾಡುತ್ತಿತ್ತಂತೆ. ನಮ್ಮ ವ್ಯಾನಿನ ಡ್ರೈವರ್ ಆಗಾಗ ಕಿಟಕಿಯಿಂದ ತಲೆ ಹಾಕಿ, "ಹತ್ತುತ್ತೀರಾ ಸಾರ್?" ಅಂತ ಕೇಳುತ್ತಿದ್ದರು. ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು. ಅದೇ ಕಷ್ಟ.

ಹತ್ತಲಿಲ್ಲ. ಗೆಳೆಯರ ಬೆನ್ನ ಹಿಂದೆ ಕೂತೇ ಬಂದೆ, ಈ ಸಲ ಬಾಯಿ ಮುಚ್ಚಿಕೊಂಡು. ಮುಗಿಯುವ ಕಡೆ ತಲುಪಿದಾಗ ಬಟ್ಟೆಯ ಕಮಾನನ್ನು ಅರ್ಧ ಬಿಚ್ಚಿದ್ದರು. ಒಬ್ಬ ಹುಡುಗ ಓಡಿ ಬಂದು ಒಂದು ಕಂಬವನ್ನು ಎತ್ತಿ ಹಿಡಿದುಕೊಂಡ. ಅದರ ಕೆಳಗೆ ನುಗ್ಗಿದೆವು.

ಇಲ್ಲಿ ಸಭೆಯಿಂದ ಒಬ್ಬರು ಕೇಳಿದರು: "ಮಾವ ದುಡ್ಡು ಕೊಟ್ಟರಾ?" ಕೊಡಲಿಲ್ಲ. ವಾಪಸ್ ಬಂದ ಮೇಲೆ ಅವರ ಪ್ರಶ್ನೆಗೆ ಉತ್ತರ ಹೇಳಿದೆ. "ಮಾವ, ನಾನು ತುಳಿದರೆ ಯಾವ ಕಾಯಿಲೆಯೂ ವಾಸಿಯಾಗಲ್ಲ, ನಿಜ. ಆದರೆ ತುಳಿಯದೇ ಇದ್ದಿದ್ದರೆ ನಾನು ನಿಮ್ಮ ಹತ್ತಿರ ಕೇಳೋಕೂ ಬರುತ್ತಿರಲಿಲ್ಲ" ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಲೆಕ್ಕದ ಹಾಳೆ ತಾ, ನೋಡೋಣ" ಅಂದರು. ಹಾಳೆ ಇನ್ನೂ ಅವರ ಹತ್ತಿರವೇ ಇದೆ. ಓದುತ್ತಿದ್ದಾರಂತೆ.

ಇನ್ನೊಬ್ಬರು ಆ ದಪ್ಪ ವಾಲ್ವಿನ ಟ್ಯೂಬು ಏನಾಯಿತು ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಇಲ್ಲೇ ನನ್ನ ಚೀಲದಲ್ಲಿವೆ, ಎರಡೂ. ಯಾರ ರಿಮ್ಮಿನಲ್ಲಾದರೂ 8 ಮಿಲಿಮೀಟರ್ ತೂತು ಇದ್ದರೆ ಹೋಗುವಾಗ ಬಂದು ತಗೊಳ್ಳಿ. ಪುಕ್ಕಟೆ ಅಲ್ಲ. ಮುಂದಿನ ಸವಾರಿಗೆ ನಾಲ್ವರೂ ಹೆಸರು ಕೊಟ್ಟಿದ್ದೇವೆ, ಸಂಸ್ಥೆಯ ಖಾತೆ ನಂಬರ್ ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇನೆ.